ಗಡಿಯ ಆಚೆ ಕಟ್ಟಿದ ಶಾಲೆ

ಜೋಗದಲ್ಲಿ ಎರಡು ಹಳೆಯ ಬಂಗಲೆಗಳಿವೆ. ಶರಾವತಿಯ ಒಂದು ದಡದ್ದಕ್ಕೆ ಮೈಸೂರು ಬಂಗಲೆ ಎಂದು ಹೆಸರು, ಎದುರು ದಡದ್ದಕ್ಕೆ ಬಾಂಬೆ ಬಂಗಲೆ. ಜಲಪಾತ ನೋಡಲು ಬಂದವರು ರಾಜಾ ಯಾವುದು, ರೋರರ್ ಯಾವುದು ಎಂದು ಕೇಳುತ್ತಾರೆ. ಒಂದೇ ಹೊಳೆಯ ಎರಡು ದಡಕ್ಕೆ ಎಲ್ಲೆಲ್ಲಿಯದೋ ಎರಡು ರಾಜಧಾನಿಗಳ ಹೆಸರು ಯಾಕೆ ಅಂಟಿತು ಎಂದು ಯಾರೂ ಕೇಳುವುದಿಲ್ಲ. ಶಿರಸಿ, ಸಿದ್ದಾಪುರದ ಕಡೆಯ ನಮಗೂ ಅದು ಮರೆತೇ ಹೋಗಿದೆ.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಂಪನಿ ಸರ್ಕಾರ ಕೆನರಾವನ್ನೂ ಸೋಂದೆಯನ್ನೂ ತನಗೇ ಇಟ್ಟುಕೊಂಡಿತು. ಸಾಗರ, ಸೊರಬ ಮೈಸೂರಿನ ಒಡೆಯರ ಪಾಲಿಗೆ ಹೋದವು. ನಾವು ಮೊದಲು ಮದ್ರಾಸಿನವರಾದೆವು, 1862ರಲ್ಲಿ ಉತ್ತರ ಕನ್ನಡವನ್ನು ಬಾಂಬೆ ಪ್ರಾಂತ್ಯಕ್ಕೆ ಸೇರಿಸಿದ ಮೇಲೆ ಬಾಂಬೆಯವರಾದೆವು. ಇದು 1956ರ ನವೆಂಬರ್ 1ರವರೆಗೂ ನಡೆಯಿತು. ಅದಕ್ಕೆ ಮೊದಲು ಇಕ್ಕೇರಿಯ ನಾಯಕರ ಕಾಲದಲ್ಲಿ ಸಾಗರದ ಸೀಮೆಗೂ ಹೊನ್ನಾವರದ ಬಂದರಿಗೂ ಒಂದೇ ದೊರೆತನವಿತ್ತು. ಹಾಗಾಗಿ ಕಂಪನಿ ಎಳೆದ ಗೆರೆ ಹೆಣ್ಣು ಕೊಟ್ಟು ತರುವುದನ್ನು ನಿಲ್ಲಿಸಲಿಲ್ಲ, ಅಡಿಕೆ ವ್ಯಾಪಾರವನ್ನು ನಿಲ್ಲಿಸಲಿಲ್ಲ, ಯಕ್ಷಗಾನ ಮೇಳಗಳು ಘಟ್ಟ ಹತ್ತಿ ಇಳಿಯುವುದನ್ನೂ ನಿಲ್ಲಿಸಲಿಲ್ಲ. ರೈಲನ್ನು ಮಾತ್ರ ನಿಲ್ಲಿಸಿತು. ಮೈಸೂರು ಸೀಮೆಯ ರೈಲು ಹಳಿ ತಾಳಗುಪ್ಪದವರೆಗೆ ಬಂದು, ಸಿದ್ದಾಪುರ ಇನ್ನೇನು ಬಂತು ಎನ್ನುವಾಗ ಮುಗಿದುಬಿಟ್ಟಿದೆ. ಇವತ್ತಿಗೂ ಅಲ್ಲೇ ಇದೆ.

ಆ ಗೆರೆ ತಡೆದ ಇನ್ನೊಂದು ವಸ್ತುವಿನ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಅದು ಒಂದು ಶಾಲೆಯ ಕಟ್ಟಡ, ನಮ್ಮೂರಿನದಲ್ಲ. ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿರುವ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡ. ಹಳೆಯ ಮೈಸೂರಿಗರು ಸಿಟಿಐ ಕಟ್ಟಡ ಎನ್ನುತ್ತಾರೆ. ಉಳಿದವರಿಗೆ ಅದು ಕಾವೇರಿ ಎಂಪೋರಿಯಂ, ಸರ್ಕಾರದ ಕರಕುಶಲ ಮಳಿಗೆ.

ತಾಳಗುಪ್ಪದಲ್ಲಿ ರೈಲು ಹತ್ತಿದರೆ ಸಾಗರ, ಶಿವಮೊಗ್ಗ, ಬೀರೂರು, ಅರಸೀಕೆರೆ, ಹಾಸನ ದಾಟಿ ಮೈಸೂರು. ಯಾವುದೋ ಮದುವೆಗೆಂದು ಹೋದವನು ಮಧ್ಯಾಹ್ನದ ಹೊತ್ತು ಕಳೆಯಲು ಎಂಪೋರಿಯಂ ಹೊಕ್ಕಿದ್ದೆ. ಗಾಜಿನ ಕಪಾಟಿನೊಳಗೆ ಗಂಧದ ಗಣಪತಿ, ವೇಣುಗೋಪಾಲ, ಆನೆಗಳ ಸಾಲು, ಎಲೆಬಳ್ಳಿ ತುಂಬಿದ ಪೆಟ್ಟಿಗೆಗಳು. ಬೆಲೆಯ ಚೀಟಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದೆ. ಕೌಂಟರಿನ ಹಿಂದಿದ್ದವರು, 'ಯಾವೂರು ಸಾರ್?' ಎಂದರು. ಶಿರಸಿ ಎಂದೆ. 'ಅಯ್ಯೋ, ನಿಮ್ಗೇನು ತೋರ್ಸೋದು ಸಾರ್, ಇದೆಲ್ಲ ನಿಮ್ ಕಡೆಯಿಂದ್ಲೇ ಬರೋದಲ್ವಾ, ಸಾಗರ, ಸೊರಬ!' ಎಂದು ನಕ್ಕರು. ಮೈಸೂರಿನವರ ಲೆಕ್ಕದಲ್ಲಿ ಸಾಗರ, ಸೊರಬ, ಶಿರಸಿ ಎಲ್ಲವೂ ಒಂದೇ 'ಕಡೆ'. ಅದು ನಿಜವೂ ಹೌದು. ಆದರೆ ಆ ಕಟ್ಟಡ ಎದ್ದ ಕಾಲಕ್ಕೆ, ಗಂಧ ಕೆತ್ತುವ ಕುಲಕಸುಬಿನ ಗುಡಿಗಾರರಲ್ಲಿ, ಸೊರಬದ ಗುಡಿಗಾರ ಮೈಸೂರು ಮಹಾರಾಜರ ಪ್ರಜೆ, ಶಿರಸಿಯ ಗುಡಿಗಾರ ಬಾಂಬೆ ಗವರ್ನರನ ಪ್ರಜೆ. ಇಬ್ಬರೂ ಒಂದೇ ಕುಲ, ಒಂದೇ ಉಳಿ, ಒಂದೇ ಬಳ್ಳಿಯ ಕೆತ್ತನೆ. ಬಾಸಿಂಗ ಕಟ್ಟುವ ರೀತಿಯೂ ಒಂದೇ. ನಡುವೆ ಇದ್ದದ್ದು ಬನವಾಸಿಯ ಬದಿಯ ಒಂದಿಷ್ಟು ಗದ್ದೆಬಯಲು ಮತ್ತು ವರದಾ ಹೊಳೆ.

ಗುಡಿಗಾರರು ಗೋವೆಯಿಂದ, ಪೋರ್ಚುಗೀಸರ ಮತಾಂತರಕ್ಕೆ ಹೆದರಿ ಬಂದವರು ಎಂಬ ಹೇಳಿಕೆ ಹಳೆಯದು. ಸಾಗರ, ಸೊರಬ, ಸಿದ್ದಾಪುರ, ಶಿರಸಿ, ಕುಮಟಾ, ಹೊನ್ನಾವರದಲ್ಲಿ ನೆಲೆನಿಂತರು. ಬ್ರಿಟಿಷರ ಕಾಲದ ಗೆಜೆಟಿಯರುಗಳಲ್ಲಿ ಅವರ ವಿಚಾರ ಎರಡೂ ಕಡೆ ಇದೆ. ಬಾಂಬೆ ಪ್ರಾಂತ್ಯದ ಕೆನರಾ ಸಂಪುಟ ಬಂದದ್ದು 1883ರಲ್ಲಿ. ಮೈಸೂರಿನ ಗೆಜೆಟಿಯರಿನಲ್ಲಿ ಬಿ.ಎಲ್. ರೈಸ್ ಸೊರಬ, ಸಾಗರದ ಗಂಧದ ಪೆಟ್ಟಿಗೆಗಳನ್ನು ಬಣ್ಣಿಸುತ್ತಾರೆ. ಹೆಣೆದುಕೊಂಡ ಬಳ್ಳಿ, ಸುರುಳಿ ಎಲೆ, ನಡುನಡುವೆ ದೇವತೆಗಳ ಮೂರ್ತಿ, ಬೆರಳಿಡಲೂ ಬರಿಯ ಜಾಗ ಇಲ್ಲದ ಹಾಗೆ ತುಂಬಿದ ಕೆಲಸ. ಓದಿದರೆ ಇವತ್ತು ಸಾಗರದ ಯಾವುದೋ ಜಗುಲಿಯಲ್ಲಿ ಕುಳಿತು ಬರೆದಂತಿದೆ. ನೂರು ವರ್ಷ ದಾಟಿದರೂ ಬಳ್ಳಿ ಬದಲಾಗಿಲ್ಲ.

ಗೆಜೆಟಿಯರಿನ ಪುಟ ಇಬ್ಬರಿಗೂ ಸಿಕ್ಕಿತು. ಕಟ್ಟಡ ಸಿಕ್ಕಿದ್ದು ಮೈಸೂರಿನ ಕಡೆಗೆ ಮಾತ್ರ.

ಅದರ ಕತೆ ಒಂದು ಬೆಂಕಿಯಿಂದ ಶುರುಮಾಡುವುದು ಒಳ್ಳೆಯದು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂಭ್ರಮದಲ್ಲೇ ಮೈಸೂರಿನ ಹಳೆಯ ಅರಮನೆಗೆ ಬೆಂಕಿ ಬಿತ್ತು. ಅದು ಬಹುಮಟ್ಟಿಗೆ ಮರದ ಅರಮನೆ. ಹೊಸದನ್ನು ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿ ರೂಪಿಸಿದ. ಕೆಲಸ ಮುಗಿದದ್ದು 1912ರಲ್ಲಿ, ಖರ್ಚು ಸುಮಾರು 41 ಲಕ್ಷ ರೂಪಾಯಿ. ಹದಿನೈದು ವರ್ಷ ಆ ಊರಿನಲ್ಲಿ ಕಲ್ಲು, ಮರ, ದಂತ, ಬೆಳ್ಳಿ ಯಾವುದರಲ್ಲಿ ಕೈ ಪಳಗಿದವನಿಗೂ ಕೆಲಸಕ್ಕೆ ಬರವಿರಲಿಲ್ಲ. ಅರಮನೆಯ ಖಾಸಗಿ ದರ್ಬಾರು ಅಂಬಾವಿಲಾಸಕ್ಕೆ ಹೋಗುವಲ್ಲಿ ಬೀಟೆಮರಕ್ಕೆ ದಂತ ಕೂಡಿಸಿದ ಬಾಗಿಲಿದೆಯಲ್ಲ, ಅದರ ಮುಂದೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜನರನ್ನು ಮುಂದೆ ಸಾಗಿ ಎಂದು ಗದರಿಸುವ ಕಾವಲುಗಾರ ಆ ಬಾಗಿಲನ್ನು ಪೂರ್ತಿ ನೋಡಲು ಬಿಡುವುದಿಲ್ಲ ಎನ್ನುವುದು ಬೇರೆ ಮಾತು.

ಅರಮನೆಯ ಕೆಲಸ ಇನ್ನೂ ನಡೆಯುತ್ತಿರುವಾಗಲೇ, 1906ರಲ್ಲಿ, ಮೈಸೂರಿಗೆ ಬಂದ ವೇಲ್ಸ್ ರಾಜಕುಮಾರ, ಮುಂದೆ ಐದನೆಯ ಜಾರ್ಜ್ ಆದವನು, ತಾಂತ್ರಿಕ ಶಾಲೆಯ ಕಟ್ಟಡಕ್ಕೆ ಅಡಿಗಲ್ಲು ಹಾಕಿದ. 1913ರಲ್ಲಿ ಕಟ್ಟಡ ಮುಗಿಯಿತು. ಅರಮನೆ ಮುಗಿದ ಮರುವರ್ಷ. ಹೆಸರು ಹತ್ತನೆಯ ಚಾಮರಾಜೇಂದ್ರ ಒಡೆಯರದು. ಮೈಸೂರನ್ನು ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳು ಆಳಿದ ಮೇಲೆ 1881ರಲ್ಲಿ ರಾಜ್ಯ ಮರಳಿ ಪಡೆದ ದೊರೆ ಅವರು. 1894ರಲ್ಲಿ, ಇನ್ನೂ ಮೂವತ್ತರ ಆಸುಪಾಸಿನಲ್ಲೇ, ಕಲ್ಕತ್ತೆಯಲ್ಲಿ ತೀರಿಕೊಂಡರು. ಕಟ್ಟಿಸಿದ್ದು ಮಗ ನಾಲ್ವಡಿ ಕೃಷ್ಣರಾಜ ಒಡೆಯರು.

ರಸ್ತೆಗೆ ಹೆಸರು ಕೊಟ್ಟ ಸಯ್ಯಾಜಿರಾವ್ ಯಾರು ಎಂದು ನೋಡಿದರೆ ಇನ್ನೊಂದು ಎಳೆ ಸಿಗುತ್ತದೆ. ಬರೋಡೆಯ ಗಾಯಕವಾಡ ಮಹಾರಾಜ. ಅವರು ತಮ್ಮ ಊರಿನಲ್ಲಿ 1890ರಲ್ಲೇ ಕಲಾಭವನ ಎಂಬ ತಾಂತ್ರಿಕ ಶಾಲೆ ತೆರೆದಿದ್ದರು. ದಾದಾಸಾಹೇಬ ಫಾಲ್ಕೆ ಅಲ್ಲಿ ಕಲಿತವರು. ಒಬ್ಬ ಮಹಾರಾಜನ ಹೆಸರಿನ ಬೀದಿಯಲ್ಲಿ ಇನ್ನೊಬ್ಬ ಮಹಾರಾಜನ ಹೆಸರಿನ ಶಾಲೆ. ಆ ಕಾಲದ ದೇಶೀ ಸಂಸ್ಥಾನಗಳ ನಡುವೆ ಒಂದು ಒಳಪೈಪೋಟಿ ಇತ್ತೆಂದು ನನಗೆ ಅನ್ನಿಸುತ್ತದೆ, ಯಾರು ಹೆಚ್ಚು ಆಧುನಿಕರು ಎನ್ನುವುದರಲ್ಲಿ. ಪೈಪೋಟಿಯಿಂದ ಶಾಲೆ ಹುಟ್ಟಿದರೆ ಬೇಡ ಎನ್ನುವವರು ಯಾರು.

ಈ ಕಟ್ಟಡಕ್ಕೆ ಮೊದಲೂ ಮೈಸೂರಿನಲ್ಲಿ ಇಂಡಸ್ಟ್ರಿಯಲ್ ಸ್ಕೂಲ್ ಇತ್ತು. ಕೆ. ವೆಂಕಟಪ್ಪ ಕಲಿತದ್ದು ಅಲ್ಲಿ. ಅರಮನೆಗೆ ಚಿತ್ರ ಬರೆಯುತ್ತಿದ್ದ ಚಿತ್ರಗಾರ ಮನೆತನದ ಹುಡುಗ. 1909ರಲ್ಲಿ ಮಹಾರಾಜರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯನಾದ. ಠಾಕೂರ್ ಎಂದಾಗ ನಮ್ಮ ಕಾರವಾರದವರಿಗೆ ತಮ್ಮ ಕಡಲತೀರ ನೆನಪಾಗದೆ ಇರದು. ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ತಮ್ಮ ರವೀಂದ್ರನಾಥ ಬಂದು ಉಳಿದದ್ದು 1883ರಲ್ಲಿ, ಅಂದರೆ ಕೆನರಾ ಗೆಜೆಟಿಯರ್ ಅಚ್ಚಾದ ವರ್ಷವೇ. ಆ ಮನೆತನದವರು ನಮ್ಮ ಜಿಲ್ಲೆಗೆ ಬಂದು ಕಡಲು ನೋಡಿ ಹೋದರು. ನಮ್ಮ ಕೆತ್ತನೆಯ ಹುಡುಗರು ಯಾರೂ ಕಲ್ಕತ್ತೆಗೆ ಹೋಗಲಿಲ್ಲ. ಕಳಿಸುವವರು ಬೇಕಲ್ಲ.

ಹಾಗಾದರೆ ಬಾಂಬೆ ಸರ್ಕಾರಕ್ಕೆ ಕಲೆ ಬೇಡವಾಗಿತ್ತೇ? ಅಲ್ಲ. ಬಾಂಬೆಯ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಶುರುವಾದದ್ದು 1857ರಲ್ಲಿ, ಮೈಸೂರಿನ ಅಡಿಗಲ್ಲಿಗಿಂತ ಅರ್ಧ ಶತಮಾನ ಮೊದಲು. 1865ರಲ್ಲಿ ಲಾಕ್‌ವುಡ್ ಕಿಪ್ಲಿಂಗ್ ಅಲ್ಲಿ ಕಲಿಸಲು ಬಂದ. ಅದೇ ವರ್ಷದ ಕೊನೆಯಲ್ಲಿ ಅವನ ಮಗ, ಮುಂದೆ 'ಜಂಗಲ್ ಬುಕ್' ಬರೆದ ರುಡ್‌ಯಾರ್ಡ್ ಆ ಶಾಲೆಯ ಆವರಣದಲ್ಲೇ ಹುಟ್ಟಿದ. ಕ್ರಾಫರ್ಡ್ ಮಾರುಕಟ್ಟೆಯ ಬಾಗಿಲ ಮೇಲಿನ ಉಬ್ಬುಶಿಲ್ಪ ಆ ತಂದೆಯದು. 1878ರಿಂದ 1888ರವರೆಗೆ ವಿಕ್ಟೋರಿಯಾ ಟರ್ಮಿನಸ್ ಏಳುವಾಗ ಅದರ ಎಲೆ, ಹೂವು, ನವಿಲು, ಮಂಗ ಎಲ್ಲ ಅಲಂಕಾರದಲ್ಲಿ ಆ ಶಾಲೆಯ ವಿದ್ಯಾರ್ಥಿಗಳ ಕೈ ಇದೆ. 1891ರಲ್ಲಿ ಗವರ್ನರ್ ರೇ ಹೆಸರಿನಲ್ಲಿ ಕರಕುಶಲ ಕಾರ್ಯಾಗಾರಗಳೂ ಅದಕ್ಕೆ ಸೇರಿದವು. ಶಿರಸಿಯ ಹುಡುಗನಿಗೆ ಕಾಗದದ ಮೇಲೆ ಅದು ತನ್ನದೇ ಪ್ರಾಂತ್ಯದ ಶಾಲೆ. ನಡೆಯುವ ದಾರಿಯಲ್ಲಿ ಮಾತ್ರ ದೇವಿಮನೆ ಘಟ್ಟ ಇಳಿದು, ಕುಮಟೆಯಲ್ಲಿ ಹಡಗು ಹತ್ತಿ, ಕಡಲಲ್ಲಿ ದಿನಗಟ್ಟಲೆ ಹೋಗಬೇಕಾದ ಊರು.

ಮೈಸೂರು, ಬಾಂಬೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಹೊಳೆದದ್ದು ಇಷ್ಟು: ಇಂಥ ಶಾಲೆಗಳನ್ನು ನಿಲ್ಲಿಸಿದ್ದು ಪಠ್ಯಕ್ರಮವಲ್ಲ, ಗಿರಾಕಿ. ಬಾಂಬೆಯ ಶಾಲೆಗೆ ಬೆಳೆಯುತ್ತಿರುವ ನಗರವೇ ಗಿರಾಕಿ. ರೈಲು ಕಂಪನಿ, ಮಾರುಕಟ್ಟೆ, ನ್ಯಾಯಾಲಯ ಎಲ್ಲವೂ ಕಲ್ಲಿನಲ್ಲಿ ಹೂವು ಕೇಳುತ್ತಿದ್ದವು. ಮೈಸೂರಿನ ಶಾಲೆಗೆ ಅರಮನೆಯೇ ಗಿರಾಕಿ. ಅರಮನೆಯಿಂದ ಅದು ಕಾಲ್ನಡಿಗೆಯ ದೂರ, ದಸರಾ ಮೆರವಣಿಗೆ ಅದರ ಮುಂದೆಯೇ ಹಾದು ಬನ್ನಿಮಂಟಪಕ್ಕೆ ಹೋಗುತ್ತದೆ. ವೈಸರಾಯ್ ಬಂದರೆ ಬಿನ್ನವತ್ತಳೆ ಕೊಡಬೇಕು, ಬಿನ್ನವತ್ತಳೆಯನ್ನು ಬರಿಗೈಯಲ್ಲಿ ಕೊಡಲಾದೀತೇ, ಗಂಧದ ಕರಂಡಕ ಬೇಕು. ದಿವಾನರ ಮನೆಗೆ ಬೀಟೆಯ ಕುರ್ಚಿ ಬೇಕು. ಹೊರದೇಶದ ಪ್ರದರ್ಶನಕ್ಕೆ ಮಾಲು ಬೇಕು. ಗಂಧದ ಕೆತ್ತನೆ, ದಂತದ ಕೆಲಸ, ಬೀಟೆಗೆ ದಂತ ಕೂಡಿಸುವ ಕೆಲಸ, ಮರಗೆಲಸ, ಚಿತ್ರಕಲೆ ಎಲ್ಲ ಒಂದೇ ಆವರಣದಲ್ಲಿ ನಡೆದದ್ದಕ್ಕೆ ಕಾರಣ, ಮಾಡಿದ್ದು ಹೋಗುವ ಜಾಗ ಗೊತ್ತಿದ್ದದ್ದು.

ಹಾಗಾಗಿ ಕಟ್ಟಡದ ಮುಂಭಾಗದಲ್ಲಿ ಇವತ್ತು ಅಂಗಡಿ ಇದೆ ಎಂದು ಮರುಗುವವರನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. 'ಶಾಲೆ ಹೋಗಿ ಶೋರೂಮ್ ಆಯ್ತು' ಎನ್ನುತ್ತಾರೆ. ಚಿತ್ರ, ಶಿಲ್ಪದ ಪಾಠ ಎಂಬತ್ತರ ದಶಕದ ಆರಂಭದಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಾಗಿ ಬೇರೆಯಾಯಿತು. ಈಗ ಅದು ಕಾವಾ, ಮೈಸೂರು ವಿಶ್ವವಿದ್ಯಾಲಯದ ಪದವಿ ಕೊಡುವ ಕಾಲೇಜು. ಹಳೆಯ ಕಟ್ಟಡದಲ್ಲಿ ಉಳಿದದ್ದು ಮಾರಾಟ. ಅದರಲ್ಲಿ ತಪ್ಪೇನೂ ಕಾಣೆ. ಕೆತ್ತಿದವನ ಮಾಲು ಮಾರಾಟವಾಗಲಿ ಎಂದೇ ಕಟ್ಟಿದ ಗೋಡೆಗಳವು. ಅದನ್ನು ಮ್ಯೂಸಿಯಂ ಮಾಡಿ ಗಾಜಿನೊಳಗೆ ನೂರು ವರ್ಷದ ಹಳೆಯ ಪೆಟ್ಟಿಗೆ ಇಟ್ಟು ಟಿಕೆಟ್ ಹರಿದಿದ್ದರೆ ನನಗೆ ಹೆಚ್ಚು ಬೇಸರವಾಗುತ್ತಿತ್ತು. ಪಾರಂಪರಿಕ ಕಟ್ಟಡ ಎಂದ ತಕ್ಷಣ ಬೀಗ ಹಾಕಿ ಬಣ್ಣ ಬಳಿಯುವ ನಮ್ಮ ಅಭ್ಯಾಸ ಗೊತ್ತಲ್ಲ.

ಗಡಿಯ ಈಚೆ ಏನಾಯಿತು?

ಇಲ್ಲಿ ಗುಡಿಗಾರರಿಗೆ ಅರಮನೆಯಿಲ್ಲ, ರೈಲು ನಿಲ್ದಾಣವೂ ಇಲ್ಲ. ಕಾರವಾರದ ಕಲೆಕ್ಟರ್ ಕಚೇರಿ ಗಂಧದ ಪೆಟ್ಟಿಗೆಯನ್ನು ಕೊಂಡರೆ ಯಾವುದೋ ಸಾಹೇಬ ಊರಿಗೆ ಹೊರಟಾಗ ಉಡುಗೊರೆಗೆ. ಆದರೂ ಕಸುಬು ಸಾಯಲಿಲ್ಲ, ಯಾಕೆಂದರೆ ಬೇರೆ ಜಾತಿಯ ಗಿರಾಕಿ ಇದ್ದ. ಮದುವೆಗೆ ಬೆಂಡಿನ ಬಾಸಿಂಗ ಬೇಕು. ಚೌತಿಗೆ ಮಣ್ಣಿನ ಗಣಪತಿ ಬೇಕು. ದೇವಸ್ಥಾನಕ್ಕೆ ಪಲ್ಲಕ್ಕಿ, ಪ್ರಭಾವಳಿ, ಬಾಗಿಲವಾಡ. ಬಡಗುತಿಟ್ಟಿನ ಯಕ್ಷಗಾನದ ವೇಷಕ್ಕೆ ಕಿರೀಟ, ಭುಜಕೀರ್ತಿ, ಎದೆಪದಕ. ಹಗುರ ಮರದಲ್ಲಿ ಕೆತ್ತಿ ಬೇಗಡೆ ಅಂಟಿಸಿದ ಈ ಆಭರಣಗಳು ಚೌಕಿಯ ದೀಪದಲ್ಲಿ ಚಿನ್ನಕ್ಕಿಂತ ಚೆನ್ನಾಗಿ ಹೊಳೆಯುತ್ತವೆ. ಇವು ಯಾವುವೂ ಗಂಧದ ಕೆಲಸವಲ್ಲ, ಯಾವುದಕ್ಕೂ ಪ್ರದರ್ಶನದಲ್ಲಿ ಪದಕ ಬರುವುದಿಲ್ಲ, ಎಂಪೋರಿಯಂನ ಕಪಾಟಿಗೂ ಇವು ಹೋಗವು. ಬಾಸಿಂಗ ಮದುವೆಯ ಮರುದಿನಕ್ಕೆ ಮಾಡಿನ ಸಂದಿಗೆ ಸೇರುತ್ತದೆ, ಗಣಪತಿ ಕೆರೆಗೆ. ಕರಗುವ, ಹರಿಯುವ ಸಾಮಾನು ಮಾಡುವವನಿಗೆ ವರ್ಷ ವರ್ಷವೂ ಕೆಲಸ ಇರುತ್ತದೆ ಎನ್ನುವುದು ಲೆಕ್ಕ ಹಾಕಿದರೆ ಸಣ್ಣ ಸಂಗತಿಯಲ್ಲ. ಗಂಧದ ಪೆಟ್ಟಿಗೆ ಕೊಂಡವನು ಮತ್ತೆ ಬರುವುದು ಮಗಳ ಮದುವೆಗೋ ಏನೋ.

ಕಲಿಕೆಗೆ ಇಲ್ಲಿ ಕಟ್ಟಡ ಜಗುಲಿಯೇ. ಸಣ್ಣವರಿದ್ದಾಗ ಗುಡಿಗಾರರ ಕೇರಿಯಲ್ಲಿ ಹಾದು ಶಾಲೆಗೆ ಹೋಗುತ್ತಿದ್ದ ನಮಗೆ ಅದು ದಿನದ ನೋಟ. ಅಪ್ಪನ ಎದುರು ಮಗ ಕುಳಿತು ಉಪ್ಪುಕಾಗದ ತಿಕ್ಕುತ್ತಿದ್ದ. ಒಂದೆರಡು ವರ್ಷ ತಿಕ್ಕುವುದೇ ಕೆಲಸ. ಆಮೇಲೆ ಅರ ಹಿಡಿಯುವುದು, ಆಮೇಲೆ ಹಿನ್ನೆಲೆಯ ಮರ ತೆಗೆಯುವುದು, ಆಮೇಲೆ ಎಲೆ. ಮುಖ ಕೆತ್ತಲು ಬಿಡುವುದು ಎಲ್ಲಕ್ಕಿಂತ ಕೊನೆಗೆ. ಕಣ್ಣಂತೂ ಮನೆಯ ಹಿರಿಯನೇ ಬಿಡಿಸಬೇಕು. ಪರೀಕ್ಷೆ ಇಲ್ಲ, ಸರ್ಟಿಫಿಕೇಟ್ ಇಲ್ಲ. ಬೈಗುಳ ಧಾರಾಳ.

ಇದನ್ನೆಲ್ಲ ಹೊಗಳಿ ಬರೆಯುವುದು ಸುಲಭ, ಗುರುಕುಲ ಪದ್ಧತಿ ಎಂದು ದೊಡ್ಡ ಹೆಸರಿಟ್ಟು. ಆದರೆ ಜಗುಲಿಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಅದು ಮನೆಯ ಮಗನಿಗೆ, ತಪ್ಪಿದರೆ ಅಳಿಯನಿಗೆ. ಮನೆಯ ಹೆಣ್ಣುಮಕ್ಕಳು ಬೆಂಡು ಕತ್ತರಿಸುತ್ತಿದ್ದರು, ಬಣ್ಣ ಹಚ್ಚುತ್ತಿದ್ದರು, ಆದರೆ ಅವರನ್ನು ಯಾರೂ ಕಸುಬುದಾರರೆಂದು ಕರೆಯಲಿಲ್ಲ. ನನ್ನಂಥವನಿಗೆ ಉಳಿ ಹಿಡಿಯುವ ಆಸೆಯಿದ್ದರೂ ಕುಳಿತು ನೋಡಲು ಬಿಡುತ್ತಿದ್ದರೇ ವಿನಾ ಹಿಡಿಯಲು ಕೊಡುತ್ತಿರಲಿಲ್ಲ. ತಾಂತ್ರಿಕ ಶಾಲೆ ಎಂಬ ಕಲ್ಪನೆ ಮುರಿದದ್ದು ಈ ಬಾಗಿಲನ್ನು. ಅಲ್ಲಿ ಕಸುಬು ರಕ್ತದಲ್ಲಿ ಬರುವುದಲ್ಲ, ಹಾಜರಿ ಪುಸ್ತಕದಲ್ಲಿ ಹೆಸರಿದ್ದರೆ ಬರುವುದು. ಎಷ್ಟರ ಮಟ್ಟಿಗೆ ಎಲ್ಲರೂ ಒಳಗೆ ಹೋದರು ಎನ್ನುವುದು ಬೇರೆ ಚರ್ಚೆ. ಹೋಗಬಹುದು ಎಂಬ ನಿಯಮವೇ ಆ ಕಾಲಕ್ಕೆ ದೊಡ್ಡದು.

ನಮ್ಮ ಕೇರಿಯ ಒಬ್ಬ ಅಜ್ಜನ ಹತ್ತಿರ ಈ ಮಾತು ತೆಗೆದಾಗ ಅವರು ಒಪ್ಪಲಿಲ್ಲ. ಎಂಬತ್ತು ಸಮೀಪಿಸಿದೆ, ಕಣ್ಣಿಗೆ ಆಪರೇಷನ್ ಆಗಿದೆ, ಕೈ ಮಾತ್ರ ನಡುಗುವುದಿಲ್ಲ. 'ಶಾಲೆಯಲ್ಲಿ ಮೊದ್ಲು ಕಾಗದದ ಮೇಲೆ ಬರೂಕೆ ಕಲಿಸ್ತ್ರು ತಮಾ' ಎಂದರು. 'ಕಾಗದಕ್ಕೆ ಎಳೆ ಇಲ್ಲೆ. ಮರಕ್ಕೆ ಎಳೆ ಇದ್ದು. ಬಳ್ಳಿ ಎತ್ಲಾಗೆ ತಿರುಗೂದು ಅಂತ ಮರ ಹೇಳ್ತು, ನಾವಲ್ಲ.' ನಾನು, ಅಜ್ಜ, ಆದರೆ ಕಾಗದದಲ್ಲಿ ಬರೆದರೆ ಗಿರಾಕಿಗೆ ಮೊದಲೇ ತೋರಿಸಬಹುದಲ್ಲ, ಹೊಸ ನಮೂನೆ ಮಾಡಬಹುದಲ್ಲ ಎಂದೆ. 'ಅದು ಹೌದು' ಎಂದು ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ, 'ನಮ್ಮಪ್ಪಂಗೆ ಒಬ್ಬ ಸಾಹೇಬ ಸಿಂಹ ಮಾಡು ಅಂದಿದ್ನಡ. ನಮ್ಮಪ್ಪ ಸಿಂಹ ಎಲ್ಲಿ ನೋಡಿದ್ದ? ದೇವಸ್ಥಾನದ ಸಿಂಹ ಮಾಡಿ ಕೊಟ್ನಡ. ಸಾಹೇಬ ಇದು ನಾಯಿ ಅಂದ್ನಡ' ಎಂದು ಹೊಟ್ಟೆ ಹಿಡಿದು ನಕ್ಕರು.

ಆ ನಗುವಿನಲ್ಲೇ ಎರಡು ಕಲಿಕೆಗಳ ಜಗಳ ಪೂರ್ತಿ ಇದೆ. ಜೆ.ಜೆ. ಶಾಲೆಯಲ್ಲಿ ಗ್ರೀಕ್ ಮೂರ್ತಿಗಳ ಪ್ಲಾಸ್ಟರ್ ಅಚ್ಚುಗಳನ್ನು ಎದುರಿಗಿಟ್ಟು ಬರೆಯಿಸುತ್ತಿದ್ದರು. ನೋಡಿದ್ದನ್ನು ನೋಡಿದ ಹಾಗೆ ಬರೆಯುವುದೇ ಅಲ್ಲಿ ಕಲಿಕೆ. ಜಗುಲಿಯಲ್ಲಿ ಕಲಿಸುವುದು ನೋಡದೇ ಇದ್ದದ್ದನ್ನು ಹಿರಿಯರು ಮಾಡಿದ ಹಾಗೆ ಮಾಡಲು. ಇದರಲ್ಲಿ ಯಾವುದು ಮೇಲು ಎಂದು ತೀರ್ಪು ಕೊಡುವ ಧೈರ್ಯ ನನಗಿಲ್ಲ. ಆದರೆ ಬೂಟು ಹಾಕಿದ ಗಿರಾಕಿಗೆ ಮಾರಬೇಕಾದರೆ ಮೊದಲನೆಯದು ಬೇಕು.

ಮರದ ಪಾಡು ಮಾತ್ರ ಗಡಿಯ ಎ­ರಡೂ ಕಡೆ ಒಂದೇ ಆಯಿತು. ಮೈಸೂರಿನಲ್ಲಿ ಗಂಧವನ್ನು ರಾಜವೃಕ್ಷವೆಂದು ಸಾರಿದ್ದು ಟಿಪ್ಪು, 1792ರಲ್ಲಿ. ಆಮೇಲೆ ಬಂದ ಒಡೆಯರಾಗಲಿ, ಬ್ರಿಟಿಷರಾಗಲಿ, ಸ್ವತಂತ್ರ ಸರ್ಕಾರವಾಗಲಿ ಆ ಅಧಿಕಾರ ಬಿಟ್ಟುಕೊಡಲಿಲ್ಲ. ಹಿತ್ತಿಲಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡವನ್ನು ನಮ್ಮ ಕಡೆಯ ರೈತರು ಸಣ್ಣದಿದ್ದಾಗಲೇ ಕಿತ್ತು ಹಾಕುತ್ತಿದ್ದರು, ದೊಡ್ಡದಾದರೆ ಕಳ್ಳರ ಕಾಟ ಒಂದು, ಇಲಾಖೆಯ ವಿಚಾರಣೆ ಇನ್ನೊಂದು. 2001ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದು ಬೆಳೆದವನೇ ಮರದ ಒಡೆಯ ಎಂದಾಯಿತು. ಅಷ್ಟರಲ್ಲಿ ಕಾಡಿನ ಮರ ಬಹುಪಾಲು ಹೋಗಿತ್ತು. ಗಂಧದ ಚೇಗು, ಅಂದರೆ ಮರದ ಒಳತಿರುಳು, ಬಲಿಯಲು ದಶಕಗಳು ಬೇಕು, ಕೆತ್ತನೆಗೆ ಬೇಕಾದ್ದು ಬಲಿತ ಚೇಗೇ. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಗಂಧ ಹೋಗುವುದು ನಿಂತಾಗ ಮೈಸೂರು ಸರ್ಕಾರ ಎಣ್ಣೆ ತೆಗೆಯುವ ಕಾರ್ಖಾನೆಗಳನ್ನೇ ಹಾಕಿತು. ಸೋಪು ಬಂತು. ಅಂದಿನಿಂದ ಮರಕ್ಕೆ ಇಬ್ಬರು ಗಿರಾಕಿಗಳು, ಒಬ್ಬ ಕೆತ್ತುವವ, ಇನ್ನೊಬ್ಬ ಬೇಯಿಸುವವ. ಬೇಯಿಸುವವನ ಕೈ ಯಾವತ್ತೂ ಮೇಲೆ. 1989ರಲ್ಲಿ ಆನೆದಂತದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧ ಬಂದದ್ದು ಆನೆಗಳಿಗೆ ಒಳ್ಳೆಯದೇ ಆಯಿತು. ಬೀಟೆಗೆ ದಂತ ಕೂಡಿಸುತ್ತಿದ್ದವರು ಪ್ಲಾಸ್ಟಿಕ್ ಕೂಡಿಸುತ್ತಾರೆ. ನಮ್ಮ ಕಡೆ ಗಂಧದ ಜಾಗಕ್ಕೆ ಶಿವನೆ ಮರ ಬಂದಿದೆ. ಶಿವನೆ ಉಳಿಗೆ ಚೆನ್ನಾಗಿ ಬಗ್ಗುತ್ತದೆ, ಪರಿಮಳ ಮಾತ್ರ ಇಲ್ಲ.

1956ರಲ್ಲಿ ಗಡಿ ಅಳಿಸಿತು. 1964ರಲ್ಲಿ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮ ಬಂತು. ಕಾವೇರಿ ಎಂಬ ಮಳಿಗೆಗಳು ಅದರವು. ಗಡಿ ಅಳಿಸಿದ ಮೇಲೂ ಹಳೆಯ ಗೆರೆ ಹೆಸರಿನಲ್ಲಿ ಉಳಿದುಕೊಂಡಿತು. ಮೈಸೂರು ಗಂಧದೆಣ್ಣೆ, ಮೈಸೂರು ಸ್ಯಾಂಡಲ್ ಸೋಪು, ಮೈಸೂರು ಬೀಟೆ ಕುಸುರಿ, ಮೈಸೂರು ಅಗರಬತ್ತಿ ಎಲ್ಲದಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಶಿರಸಿಯ ಹೆಸರಿನಲ್ಲಿ ಅಂಥ ಗುರುತು ಬಂದದ್ದು 2019ರಲ್ಲಿ, ಅಡಿಕೆಗೆ. ನಮ್ಮ ಜನ ಸಂಭ್ರಮಪಟ್ಟರು, ನಾನೂ ಪಟ್ಟೆ. ಅಡಿಕೆ ನಮ್ಮ ಹೊಟ್ಟೆ, ಅದರ ಬಗ್ಗೆ ಎರಡು ಮಾತಿಲ್ಲ. ಕೆತ್ತನೆಯ ಸುದ್ದಿಯನ್ನು ಆಗ ಯಾರೂ ಎತ್ತಲಿಲ್ಲ.

ಈಗ ಆಗಾಗ ಒಂದು ಬೇಡಿಕೆ ಕೇಳಿಬರುತ್ತದೆ, ಗುಡಿಗಾರರ ಕಸುಬಿಗೆ ಶಿರಸಿಯಲ್ಲೂ ಒಂದು ತರಬೇತಿ ಕೇಂದ್ರ ಬೇಕು, ಮೈಸೂರಿನ ಹಾಗೆ ಭವ್ಯ ಕಟ್ಟಡ ಬೇಕು ಎಂದು. ಭಾಷಣದಲ್ಲಿ ಚಪ್ಪಾಳೆ ಬೀಳುವ ಮಾತು. ನನಗೆ ಆ ಕಟ್ಟಡದ ಕತೆ ಗೊತ್ತಾದ ಮೇಲೆ ಮೊದಲು ಬರುವ ಪ್ರಶ್ನೆ, ಅರಮನೆ ಎಲ್ಲಿದೆ? ಮೈಸೂರಿನಲ್ಲಿ ಬಾಗಿಲು ಬೇಕು ಎಂದ ಅರಮನೆ ಮೊದಲು, ಶಾಲೆಯ ಕಟ್ಟಡ ಆಮೇಲೆ. ನಾವು ತಲೆಕೆಳಗು ಮಾಡಿ, ಕಟ್ಟಡ ಕಟ್ಟಿ, ಹತ್ತು ಹುಡುಗರಿಗೆ ಆರು ತಿಂಗಳು ಸ್ಟೈಪೆಂಡ್ ಕೊಟ್ಟು, ಏಳನೆಯ ತಿಂಗಳು ಕೈ ತೊಳೆದುಕೊಳ್ಳುತ್ತೇವೆ. ಆ ಹುಡುಗರು ಮರುದಿನ ಹುಬ್ಬಳ್ಳಿಯ ಬಸ್ ಹತ್ತುತ್ತಾರೆ. ಅಜ್ಜ ಇದನ್ನು ನನಗಿಂತ ಚೆನ್ನಾಗಿ ಹೇಳಿದರು: 'ನಾ ಕಲಿಸ್ತೆ ತಮಾ, ಬೇಕಾದ್ರೆ ದುಡ್ಡಿಲ್ಲದೆ ಕಲಿಸ್ತೆ. ಕಲ್ತವ ಎಲ್ಲಿ ಮಾರ್ತ ಅಂತ ನೀ ಹೇಳು.'

ನನ್ನಲ್ಲಿ ಉತ್ತರ ಇರಲಿಲ್ಲ. ಉತ್ತರದ ಒಂದು ತುಂಡು ಇತ್ತೀಚೆಗೆ ನಿರೀಕ್ಷಿಸದ ಕಡೆಯಿಂದ ಬಂದಿದೆ. ಪೇಟೆಯ ಆಚೆ ಬಾಗಿಲು, ಕಿಟಕಿ ಮಾಡುವ ಕಾರ್ಖಾನೆಯೊಂದರಲ್ಲಿ ಸಿಎನ್‌ಸಿ ಯಂತ್ರ ತಂದಿದ್ದಾರೆ. ಕಂಪ್ಯೂಟರಿನಲ್ಲಿ ಗಣಪತಿಯ ನಕ್ಷೆ ಹಾಕಿದರೆ ಹೆಬ್ಬಾಗಿಲಿನ ಮೇಲೆ ಕೆಲವೇ ತಾಸಿನಲ್ಲಿ ಕೆತ್ತಿ ಕೊಡುತ್ತದೆ. ಹೊಸ ಮನೆ ಕಟ್ಟುವವರೆಲ್ಲ ಈಗ ಇದನ್ನೇ ಕೇಳುತ್ತಾರೆ. ಕೇರಿಯಲ್ಲಿ ಎಲ್ಲರೂ ಕಸುಬು ಮುಗಿಯಿತು ಎಂದುಕೊಂಡಿದ್ದರು. ಆದರೆ ಆ ಯಂತ್ರದ ಬಿಟ್ ನೇರ ಮೇಲಿನಿಂದ ಇಳಿಯುತ್ತದೆ, ಎಡಬಲಕ್ಕೆ ಓಡಾಡುತ್ತದೆ, ಅಷ್ಟೇ. ಸೊಂಡಿಲ ಕೆಳಗೆ ನುಸುಳಿ ಮರ ತೆಗೆಯಲು ಅದಕ್ಕೆ ಬರುವುದಿಲ್ಲ. ಬೆರಳ ಸಂದಿ ಮುಚ್ಚಿಕೊಂಡೇ ಇರುತ್ತದೆ, ಎಲೆ ಹಲಗೆಗೆ ಅಂಟಿದ ಹಾಗೆ ಕಾಣುತ್ತದೆ, ಕಣ್ಣಿನಲ್ಲಿ ನೋಟವಿರುವುದಿಲ್ಲ. ಹಣ ಕೊಟ್ಟ ಗಿರಾಕಿಗಳು ಗೊಣಗತೊಡಗಿದ ಮೇಲೆ ಮಾಲೀಕ ಕೇರಿಗೆ ಬಂದು ಅಜ್ಜನನ್ನು ಕಾರಿನಲ್ಲಿ ಕರೆದುಕೊಂಡು ಹೋದ.

ಈಗ ವಾರಕ್ಕೆ ಕೆಲವು ದಿನ ಅಜ್ಜ ಅಲ್ಲಿಗೆ ಹೋಗುತ್ತಾರೆ. ಯಂತ್ರ ಬಿಟ್ಟದ್ದನ್ನು ಉಳಿಯಲ್ಲಿ ಬಿಡಿಸುತ್ತಾರೆ. ದಿನಗೂಲಿ, ಮಧ್ಯಾಹ್ನದ ಊಟ. ಯಂತ್ರ ನಡೆಸುವ ಹುಡುಗ ಐಟಿಐ ಕಲಿತವನು, ಗುಡಿಗಾರನಲ್ಲ, ಮುಂಡಗೋಡದ ಕಡೆಯವನು. ಅಜ್ಜ ಕೆಲಸ ಮಾಡುವಾಗ ಮೊಬೈಲ್ ಬದಿಗಿಟ್ಟು ಪಕ್ಕದಲ್ಲಿ ಕುಳಿತುಕೊಳ್ಳುತ್ತಾನಂತೆ. ಉಪ್ಪುಕಾಗದ ತಿಕ್ಕಲು ಕೊಟ್ಟಿದ್ದಾರೆ. ಉಳಿ ಯಾವಾಗ ಕೊಡುತ್ತೀರಿ ಅಜ್ಜ ಎಂದು ಕೇಳಿದೆ. 'ಮಾಲೀಕ ಅವಂಗೆ ಸಂಬಳ ಹೆಚ್ಚು ಮಾಡ್ಲಿ, ಆಮೇಲೆ ಕೊಡ್ತೆ. ಈಗ ಕೊಟ್ರೆ ಕಲ್ತು ಬಿಟ್ಟು ಹೋಗ್ತ' ಎಂದರು. ಮಾಲೀಕನ ಹತ್ತಿರ ಆ ಮಾತನ್ನು ಅವರೇ ಆಡಿದ್ದಾರೆ. ಮುಂದಿನ ತಿಂಗಳು ನೋಡೋಣ ಎಂದಿದ್ದಾನಂತೆ.